ಮೆಡಿಕಲ್‌ನವರು ಕೊಟ್ಟ ಟ್ಯೂಬ್ ಒಳಗೂ ಹಚ್ಚಬಹುದಾ? ಗೊತ್ತಿದ್ದವರು ಹೇಳಿ

ಭಾಂಡುಪ್ ಸೊಸೆ
ನಮಸ್ಕಾರ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರು ಉಡುಪಿ ಹತ್ತಿರ. ಮದುವೆಯಾಗಿ ಒಂಬತ್ತು ತಿಂಗಳು. ಭಾಂಡುಪ್‌ನಲ್ಲಿ ಅತ್ತೆ ಮಾವನ ಜೊತೆ ಒಂದು ರೂಮು, ಒಂದು ಅಡುಗೆಮನೆ.

ಹೋದ ವಾರ ಹಲ್ಲುನೋವಿಗೆ ಐದು ದಿನ ಆಂಟಿಬಯಾಟಿಕ್ ತಗೊಂಡೆ. ಅದು ಮುಗಿಯುವಷ್ಟರಲ್ಲಿ ಕೆಳಗೆ ತುರಿಕೆ ಶುರುವಾಯಿತು. ಒದ್ದೆ ಬಟ್ಟೆಯಲ್ಲೇ ಲೋಕಲ್‌ನಲ್ಲಿ ಬಂದಿದ್ದಕ್ಕೆ ಅಂದುಕೊಂಡೆ. ಎರಡು ದಿನಕ್ಕೆ ಬಿಳಿ ಸೆರಗು, ಹಾಲು ಒಡೆದ ಹಾಗೆ ಗಟ್ಟಿ ಗಟ್ಟಿ. ವಾಸನೆ ಇಲ್ಲ. ಮೂತ್ರ ತಾಗಿದರೆ ಉರಿ. ರಾತ್ರಿ ನಿದ್ದೆ ಇಲ್ಲ.

ಮೆಡಿಕಲ್‌ಗೆ ಹೋದೆ. ಕೌಂಟರ್ ತುಂಬ ಗಂಡಸರು. ಮೆಲ್ಲಗೆ ಮರಾಠಿಯಲ್ಲಿ 'ಖಾಜ್ ಆಹೆ' ಅಂದೆ. ಅವನು ಇಡೀ ಅಂಗಡಿಗೆ ಕೇಳುವ ಹಾಗೆ 'ಕುಠೆ?' ಅಂದ. ಎಲ್ಲಿ ಅಂತ ಹೇಳಲಿ? ತಲೆ ಕೆಳಗೆ ಹಾಕಿ ನಿಂತೆ. ಒಂದು ಟ್ಯೂಬ್ ಪೇಪರಿನಲ್ಲಿ ಸುತ್ತಿ ಕೊಟ್ಟ. ಪಕ್ಕದ ಮನೆಯ ತಾಯಿ ತಮ್ಮ ಆರು ಗುಳಿಗೆಯಲ್ಲಿ ಉಳಿದಿದ್ದ ನಾಲ್ಕನ್ನು ಕೊಟ್ಟಿದ್ದಾರೆ, ಜೊತೆಗೆ ಒಂದು ಪ್ಲಾಸ್ಟಿಕ್ ಕಡ್ಡಿ.

ಈ ಟ್ಯೂಬ್ ಒಳಗೂ ಹಚ್ಚಬೇಕಾ, ಹೊರಗೆ ಮಾತ್ರವಾ? ಗುಳಿಗೆ ನುಂಗುವುದಾ? ಡಾಕ್ಟರ ಹತ್ತಿರ ಹೋದರೆ ಒಳಗೆ ನೋಡುತ್ತಾರಾ? ಅದೇ ಭಯ.

ಮಾಟುಂಗಾ ದೊಡ್ಡಮ್ಮ
ಅಯ್ಯೋ ಮಗಾ, ಇದಕ್ಕೆಲ್ಲ ಮುಲಾಮು ಯಾಕೆ? ಬೇವಿನ ಎಲೆ ಕುದಿಸಿದ ನೀರು, ಸ್ವಲ್ಪ ಪಟಿಕ. ಅದರಲ್ಲಿ ಚೆನ್ನಾಗಿ ಒಳಗೂ ತೊಳೆದುಕೋ. ಮೊಸರು ಹಚ್ಚು. ನಮ್ಮ ಕಾಲದಲ್ಲಿ ಹೀಗೇ ಮಾಡುತ್ತಿದ್ದುದು.

ಕೊಥ್ರೂಡ್ ನೈಟ್ ಶಿಫ್ಟ್
ಮುಲಾಮು, ಕಡ್ಡಿ ಎಲ್ಲ ತಲೆನೋವು. ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಒಂದು ಕ್ಯಾಪ್ಸೂಲ್, ನುಂಗಿ ಮಲಗಿ. ನನಗೆ ಎರಡು ಸಲ ಆಗಿತ್ತು, ಎರಡು ಸಲವೂ ಅಷ್ಟಕ್ಕೇ ಹೋಯಿತು.

ವಾಸ್ಕೊ ಸಿಸ್ಟರ್
ತಡೀರಿ ತಡೀರಿ. ಕ್ಯಾಪ್ಸೂಲ್ ನುಂಗಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು, ಯಾರೂ ಕೇಳಲಿಲ್ಲ. ತಂಗಿ, ಮುಟ್ಟು ಯಾವಾಗ ಆಗಿತ್ತು?

ಭಾಂಡುಪ್ ಸೊಸೆ
ಆರು ದಿನ ತಡ ಆಗಿದೆ ಸಿಸ್ಟರ್. ಹಲ್ಲಿನ ಮಾತ್ರೆಯ ಉಷ್ಣಕ್ಕೆ ಅಂದುಕೊಂಡಿದ್ದೆ.

ವಾಸ್ಕೊ ಸಿಸ್ಟರ್
ನೋಡಿ, ಇದಕ್ಕೇ ಕೇಳಿದ್ದು. ನಾಳೆ ಬೆಳಿಗ್ಗೆಯ ಮೊದಲ ಮೂತ್ರದಲ್ಲಿ ಮನೆಯಲ್ಲೇ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಅಲ್ಲಿಯವರೆಗೆ ಫ್ಲುಕೊನಜೋಲ್ ಮುಟ್ಟಬೇಡಿ. ಬಸುರಿಯರಿಗೆ ಈ ಶಿಲೀಂಧ್ರದ ಸೋಂಕು ಜಾಸ್ತಿಯೇ ಬರುತ್ತದೆ. ಆದರೆ ಅವರಿಗೆ ನುಂಗುವ ಔಷಧಿ ಕೊಡುವುದಿಲ್ಲ. ಒಳಗೆ ಇಡುವ ಮುಲಾಮು ಅಥವಾ ಗುಳಿಗೆಯನ್ನು ಏಳು ದಿನ ಕೊಡುತ್ತಾರೆ, ಅದೂ ಡಾಕ್ಟರು ನೋಡಿದ ಮೇಲೆ. ಗುಳಿಗೆ ಒಳಗೆ ತಳ್ಳುವ ಆ ಕಡ್ಡಿಯ ಬದಲು ಬೆರಳಿನಲ್ಲೇ ಇಡಿ ಅಂತ ಹೇಳುವುದೂ ಉಂಟು.

ಕಾರವಾರದವಳು ನಾನು. ಗೋವಾದಲ್ಲಿ ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ಮನೆಯಲ್ಲಿ ಕೂತಿದ್ದೇನೆ. ಜುವಾರಿನಗರದ ನಮ್ಮ ಕನ್ನಡದ ಹೆಂಗಸರು ಎಷ್ಟೋ ಜನ ಈ ತುರಿಕೆಗೆ ಬರುತ್ತಿದ್ದರು. ಬರುವಷ್ಟರಲ್ಲಿ ಮೂರು ತರಹದ ಟ್ಯೂಬ್ ಹಚ್ಚಿ ಮುಗಿದಿರುತ್ತಿತ್ತು.

ದೊಡ್ಡಮ್ಮ, ಸಿಟ್ಟಾಗಬೇಡಿ. ಒಳಗೆ ತೊಳೆಯುವುದು ಮಾತ್ರ ಬೇಡ. ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಅವೇ ಜಾಗವನ್ನು ಹುಳಿಯಾಗಿಟ್ಟು ಕಾಯುತ್ತವೆ. ಆಂಟಿಬಯಾಟಿಕ್ ಹಲ್ಲಿನ ಕ್ರಿಮಿಯ ಜೊತೆ ಇವನ್ನೂ ಕೊಂದಿತು. ಕ್ಯಾಂಡಿಡಾ ಅನ್ನುವ ಶಿಲೀಂಧ್ರ ಮೊದಲೇ ಅಲ್ಲಿ ಸ್ವಲ್ಪ ಇರುತ್ತದೆ. ಕಾಯುವವರು ಇಲ್ಲದಾಗ ಅದು ಬೆಳೆಯಿತು. ಅಷ್ಟೇ ಕತೆ. ಈಗ ಪಟಿಕದ ನೀರು ಒಳಗೆ ಹೊಡೆದರೆ ಉಳಿದವೂ ಹೋಗುತ್ತವೆ, ಮೊದಲೇ ಕೆಂಪಾದ ಚರ್ಮ ಇನ್ನೂ ಉರಿಯುತ್ತದೆ. ಮೊಸರು ಊಟಕ್ಕೆ ಇರಲಿ.

ಮಾಟುಂಗಾ ದೊಡ್ಡಮ್ಮ
ಸಿಟ್ಟು ಎಂತಕ್ಕೆ? ನಿಜ ಹೇಳಬೇಕೆಂದರೆ ನಾನು ಒಂದು ಸಲ ಡೆಟಾಲ್ ಹಾಕಿದ್ದೆ. ಆ ಉರಿ ಇವತ್ತಿಗೂ ನೆನಪಿದೆ.

ಪಿಂಪ್ರಿ ಫಾರ್ಮಸಿ ಅಕ್ಕ
ವಿಜಯಪುರದವಳು, ಡಿ.ಫಾರ್ಮ್ ಮಾಡಿ ಪಿಂಪ್ರಿಯಲ್ಲಿ ಅಂಗಡಿಯಲ್ಲಿದ್ದೇನೆ. ತಂಗಿ, ಆ ಟ್ಯೂಬಿನ ಮೇಲೆ ದೊಡ್ಡ ಅಕ್ಷರದ ಕಂಪನಿ ಹೆಸರು ಬಿಡು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ, ಪೂರ್ತಿ ಬರೆದು ಹಾಕು. ಡಾಕ್ಟರ ಚೀಟಿ ಬೇಕು ಅನ್ನುವ ಕೆಂಪು ಗೆರೆ ಇದೆಯಾ ಅದನ್ನೂ ನೋಡು.

ಭಾಂಡುಪ್ ಸೊಸೆ
ಕ್ಲೋಟ್ರಿಮಜೋಲ್ ಅಂತ ಇದೆ. ಅದರ ಮುಂದೆ ಬೆಕ್ಲೊಮೆಥಾಸೋನ್ ಅಂತ ಇನ್ನೊಂದು. ಚರ್ಮದ ಮೇಲೆ ಮಾತ್ರ ಹಚ್ಚಬೇಕು ಅಂತ ಇಂಗ್ಲಿಷಿನಲ್ಲಿದೆ. ಕೆಂಪು ಗೆರೆ ಇದೆ. ಗುಳಿಗೆಯ ಪ್ಯಾಕಿನಲ್ಲಿ ಕ್ಲೋಟ್ರಿಮಜೋಲ್ 100 ಮಿಲಿಗ್ರಾಂ, ಬೇರೇನೂ ಇಲ್ಲ.

ಪಿಂಪ್ರಿ ಫಾರ್ಮಸಿ ಅಕ್ಕ
ಅಂದುಕೊಂಡೆ. ಆ ಟ್ಯೂಬ್ ಒಳಗೂ ಬೇಡ, ಹೊರಗೂ ಬೇಡ, ಎತ್ತಿಡು.

ಕ್ಲೋಟ್ರಿಮಜೋಲ್ ಶಿಲೀಂಧ್ರದ ಔಷಧಿ, ಅದು ಸರಿ. ಬೆಕ್ಲೊಮೆಥಾಸೋನ್ ಸ್ಟಿರಾಯ್ಡ್. ಸ್ಟಿರಾಯ್ಡ್ ಹಚ್ಚಿದರೆ ಒಂದೇ ದಿನದಲ್ಲಿ ತುರಿಕೆ ನಿಲ್ಲುತ್ತದೆ. ಗಿರಾಕಿ ಖುಷಿ, ಅಂಗಡಿಯವನೂ ಖುಷಿ. ಆದರೆ ಅದು ತುರಿಕೆಯನ್ನು ಮುಚ್ಚುತ್ತದೆ, ಆ ಜಾಗದ ತಡೆಯುವ ಶಕ್ತಿಯನ್ನೂ ಮಲಗಿಸುತ್ತದೆ. ಒಳಗೆ ಶಿಲೀಂಧ್ರ ಆರಾಮಾಗಿ ಇರುತ್ತದೆ. ಆ ಭಾಗದ ಚರ್ಮ ಮೊದಲೇ ತೆಳು, ಹಚ್ಚುತ್ತಾ ಹೋದರೆ ಇನ್ನೂ ತೆಳುವಾಗುತ್ತದೆ. 2018ರಲ್ಲಿ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿದ್ದು ಇದಕ್ಕೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಮಿಶ್ರ ಔಷಧಿಗಳನ್ನು ನಿಷೇಧಿಸಿದರು. ಅದರಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ, ಸ್ಟಿರಾಯ್ಡ್ ಮೂರನ್ನೂ ಕಲಸಿದ ಮುಲಾಮುಗಳೂ ಇದ್ದವು. ಆದರೂ ಕೌಂಟರಿನಲ್ಲಿ ಏನು ನಡೆಯುತ್ತದೆ ಅಂತ ನೀನೇ ನೋಡಿದೆ. ನಮ್ಮ ಕಸುಬಿನವರ ಮೇಲೇ ಹೇಳಬೇಕಾಗಿ ಬಂತು, ಏನು ಮಾಡುವುದು.

ಗುಳಿಗೆ ನುಂಗುವುದಲ್ಲ, ಒಳಗೆ ಇಡುವುದು. ಆದರೆ ಬೇರೆಯವರ ಉಳಿದ ನಾಲ್ಕು ಬೇಡ. ಅದು ಆರು ರಾತ್ರಿಯ ಲೆಕ್ಕ. ಅವರು ಎರಡಕ್ಕೇ ನಿಲ್ಲಿಸಿದ್ದೂ ತಪ್ಪು. ಅವರು ಬಳಸಿದ ಕಡ್ಡಿಯಂತೂ ಬೇಡವೇ ಬೇಡ.

ಥಾಣೆ ಹೋಟೆಲ್ ಶೆಟ್ರು
ಗಂಡಸು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಫಾರ್ಮಸಿ ಅಕ್ಕ ಹೇಳಿದ ಟ್ಯೂಬ್ ನಾನು ತೊಡೆಸಂದಿಯ ಗಜಕರ್ಣಕ್ಕೆ ಎರಡು ವರ್ಷ ಹಚ್ಚಿದ್ದೇನೆ ಮಾರಾಯ್ರೆ. ನಮ್ಮ ಕಿಚನ್‌ನ ಹುಡುಗರೆಲ್ಲ ಅದನ್ನೇ ಹಚ್ಚುವುದು. ಒಬ್ಬ ತಂದರೆ ಐದು ಜನ. ಹಚ್ಚಿದಾಗ ಮಾಯ, ಬಿಟ್ಟರೆ ಡಬಲ್. ಕೊನೆಗೆ ಚರ್ಮದ ಡಾಕ್ಟರು ತೋರಿಸಿದರು, ತೊಡೆಯಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಇರುವಂಥ ಗೆರೆಗಳು. ಅದು ಹೋಗುವುದಿಲ್ಲವಂತೆ.

ನನ್ನ ಪ್ರಶ್ನೆ ಬೇರೆ. ಹೆಂಡತಿಗೆ ಇದೇ ಬಿಳಿ ಸೆರಗು ಬಂದಾಗ ನಾನೂ ಔಷಧಿ ತಗೊಳ್ಳಬೇಕಾ? ಅವಳು ನನ್ನ ಮೇಲೇ ಅನುಮಾನ ಪಟ್ಟಿದ್ದಳು.

ವಾಸ್ಕೊ ಸಿಸ್ಟರ್
ಬರೆಯಿರಿ, ಒಳ್ಳೆಯದೇ ಆಯಿತು. ಇದು ಯಾರೋ ಎಲ್ಲಿಂದಲೋ ತಂದು ಕೊಡುವ ರೋಗ ಅಂತ ಲೆಕ್ಕವಿಲ್ಲ. ಗಂಡನಿಲ್ಲದವರಿಗೂ ಬರುತ್ತದೆ. ನಾಲ್ಕರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬಂದೇ ಬರುತ್ತದೆ. ಹಾಗಾಗಿ ಸಂಸಾರದಲ್ಲಿ ಜಗಳ ಬೇಡ. ನಿಮಗೆ ತುದಿಯಲ್ಲಿ ಕೆಂಪು, ತುರಿಕೆ ಇದ್ದರೆ ಡಾಕ್ಟರಿಗೆ ತೋರಿಸಿ, ಮುಲಾಮು ಕೊಡುತ್ತಾರೆ. ಇಲ್ಲದಿದ್ದರೆ ನಿಮಗೆ ಔಷಧಿ ಬೇಡ.

ಆದರೆ ಒಂದು ವಿಷಯ ಗಂಡಸರಿಗೆ ಯಾರೂ ಹೇಳುವುದಿಲ್ಲ. ಈ ಮುಲಾಮುಗಳಲ್ಲಿ, ಕೆಲವು ಗುಳಿಗೆಗಳಲ್ಲಿ ಎಣ್ಣೆಯ ಅಂಶ ಇರುತ್ತದೆ. ಅದು ಕಾಂಡೋಮ್‌ನ ರಬ್ಬರನ್ನು ದುರ್ಬಲ ಮಾಡುತ್ತದೆ, ಹರಿಯುತ್ತದೆ. ಅದನ್ನೇ ನಂಬಿಕೊಂಡು ಎರಡನೇ ಮಗು ಆದವರನ್ನು ನಾನು ನೋಡಿದ್ದೇನೆ! ಔಷಧಿ ನಡೆಯುವಷ್ಟು ದಿನ, ಮುಗಿದ ಮೇಲೆ ಮೂರು ದಿನವಾದರೂ ಸುಮ್ನೆ ದೂರ ಮಲಗಿ.

ಕೊಥ್ರೂಡ್ ನೈಟ್ ಶಿಫ್ಟ್
ನಾನು ಹೇಳಿದ ಕ್ಯಾಪ್ಸೂಲ್ ತಪ್ಪಾಗಿತ್ತಾ ಹಾಗಾದರೆ?

ಪಿಂಪ್ರಿ ಫಾರ್ಮಸಿ ಅಕ್ಕ
ಔಷಧಿ ತಪ್ಪಲ್ಲ. ಸಾದಾ ಸೋಂಕಿಗೆ ಆ ಒಂದು ಕ್ಯಾಪ್ಸೂಲೂ ಒಳಗೆ ಇಡುವ ಔಷಧಿಯೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ. ಯಾರಿಗೆ ಅನ್ನುವುದು ಮುಖ್ಯ. ಬಸುರಿ ಇರಬಹುದಾದವರಿಗೆ ಬೇಡ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರಿಗೆ ಕೇಳದೆ ಕೊಡುವ ಹಾಗಿಲ್ಲ. ಹಚ್ಚುವ ಮುಲಾಮಿನಲ್ಲೂ ಈ ತೊಂದರೆ ಇದೆ. ಮೈಕೊನಜೋಲ್ ಅನ್ನುವ ಶಿಲೀಂಧ್ರದ ಮುಲಾಮನ್ನು ಒಳಗೆ ಹಚ್ಚಿದರೂ ವಾರ್ಫರಿನ್ ಜೊತೆ ಸೇರಿ ರಕ್ತಸ್ರಾವ ಆಗಬಹುದು. ಹೊರಗಿನ ಮುಲಾಮು ತಾನೇ, ಮೈಗೆ ಏನು ಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ.

ಇನ್ನೊಂದು. ನಿನಗೆ ಎರಡು ಸಲವೂ ಅದೇ ಸೋಂಕು ಅಂತ ಯಾರು ಹೇಳಿದರು? ಅಮೆರಿಕದಲ್ಲಿ ತಾವೇ ಅಂಗಡಿಯಿಂದ ಈ ಔಷಧಿ ಕೊಳ್ಳುತ್ತಿದ್ದ 95 ಹೆಂಗಸರನ್ನು ಪರೀಕ್ಷೆ ಮಾಡಿದರು, 2002ರಲ್ಲಿ ಅದು ಪ್ರಕಟವಾಯಿತು. ಬರೀ ಇದೇ ಸೋಂಕು ಇದ್ದದ್ದು ಮೂರರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಎಷ್ಟೋ ಜನರಿಗೆ ಬೇರೆಯೇ ಸೋಂಕು. ತೆಳ್ಳಗೆ ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾದ್ದು. ಹಳದಿ-ಹಸಿರು, ನೊರೆ ನೊರೆಯಾಗಿದ್ದರೆ ಟ್ರೈಕೊಮೊನಾಸ್ ಅನ್ನುವ ಬೇರೆ ಕ್ರಿಮಿ ಇರಬಹುದು. ಅದಾದರೆ ಗಂಡ ಹೆಂಡತಿ ಇಬ್ಬರಿಗೂ ಔಷಧಿ. ಇವೆರಡಕ್ಕೂ ಕ್ಲೋಟ್ರಿಮಜೋಲ್ ಹಚ್ಚಿ ಕೂತರೆ ದಿನ ಹಾಳು, ದುಡ್ಡು ಹಾಳು.

ವಿರಾರ್ ಫಾಸ್ಟ್
ರೀಲ್‌ನಲ್ಲಿ ಬೋರಿಕ್ ಪೌಡರ್ ಕ್ಯಾಪ್ಸೂಲಿಗೆ ತುಂಬಿ ಒಳಗೆ ಇಡಿ ಅಂತಿದ್ದರು. ಮನೆಯಲ್ಲಿ ಕ್ಯಾರಂ ಬೋರ್ಡಿಗೆ ತಂದಿದ್ದು ಇದೆ. ಅದೇ ಅಲ್ವಾ?

ವಾಸ್ಕೊ ಸಿಸ್ಟರ್
ಅದು ಕ್ಯಾರಂ ಬೋರ್ಡಿನ ಮೇಲೇ ಇರಲಿ ಮಾರಾಯ್ತಿ. ಮಾಮೂಲು ಔಷಧಿಗೆ ಬಗ್ಗದ ಬೇರೆ ಜಾತಿಯ ಕ್ಯಾಂಡಿಡಾಕ್ಕೆ ಡಾಕ್ಟರು ಅಳತೆ ಮಾಡಿದ ಬೋರಿಕ್ ಕ್ಯಾಪ್ಸೂಲ್ ಬರೆಯುವುದು ಉಂಟು. ಹೊಟ್ಟೆಗೆ ಹೋದರೆ ಅದು ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಕ್ಯಾಪ್ಸೂಲಿಗೆ ತುಂಬಿ ಇಡುವುದನ್ನು ನೆನೆದರೇ ಭಯ ಆಗುತ್ತದೆ.

ಭಾಂಡುಪ್ ಸೊಸೆ
ಬೆಳಿಗ್ಗೆ ಪರೀಕ್ಷೆ ಮಾಡಿದೆ. ಒಂದೇ ಗೆರೆ, ಬಸುರಿ ಅಲ್ಲ. ಅತ್ತೆಗೆ ಹಲ್ಲಿನ ಡಾಕ್ಟರು ಅಂತ ಹೇಳಿ ಮುನಿಸಿಪಾಲಿಟಿ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಕೈ ನಡುಗುತ್ತಿದೆ.

ಡೊಂಬಿವಲಿ ಅತ್ತಿಗೆ
ಹೋಗಿ ಬನ್ನಿ, ಏನೂ ಆಗುವುದಿಲ್ಲ. ಲೇಡಿ ಡಾಕ್ಟರು ಬೇಕು ಅಂತ ಕೇಸ್ ಪೇಪರ್ ಮಾಡುವಾಗಲೇ ಹೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಇವರು ಬರುವವರೆಗೆ ನಮ್ಮ ಮನೆಯ ಕತೆ ಹೇಳುತ್ತೇನೆ. ನಮ್ಮ ಅತ್ತೆಗೆ 62. ವರ್ಷದಲ್ಲಿ ನಾಲ್ಕು ಸಲ ಇದೇ ತುರಿಕೆ. ಪ್ರತಿ ಸಲ ಮಾವನ ಹತ್ತಿರ ಚೀಟಿ ಕೊಟ್ಟು ಅದೇ ಟ್ಯೂಬ್ ತರಿಸುವುದು. ಎರಡು ದಿನ ಹಚ್ಚುವುದು, ಕಡಿಮೆಯಾದರೆ ಟ್ಯೂಬ್ ದೇವರ ಗೂಡಿನ ಹಿಂದೆ. ನನಗೂ ಹೇಳಿರಲಿಲ್ಲ. ಬಟ್ಟೆ ಒಗೆಯುವಾಗ ನನಗೆ ಗೊತ್ತಾಯಿತು. ಜಗಳ ಮಾಡಿಯೇ ಕರೆದುಕೊಂಡು ಹೋದೆ. ಗೈನಕ್ ಡಾಕ್ಟರು ಮೊದಲು ಕೇಳಿದ್ದು, 'ಶುಗರ್ ಇದೆಯಾ, ಯಾವ ಮಾತ್ರೆ?' ಮಾತ್ರೆ ತೋರಿಸಿದೆವು. ಡಾಪಾಗ್ಲಿಫ್ಲೋಜಿನ್. ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದಂತೆ. ಶಿಲೀಂಧ್ರಕ್ಕೆ ದಿನಾ ಪಾಯಸ! ಮೇಲಿಂದ ಮೂರು ತಿಂಗಳ ಸರಾಸರಿ ಶುಗರ್ 9ರ ಮೇಲಿತ್ತು.

ಮಾತ್ರೆಯನ್ನು ನಾವಾಗಿ ನಿಲ್ಲಿಸಲಿಲ್ಲ. ಶುಗರ್ ಡಾಕ್ಟರ ಹತ್ತಿರ ಕಳಿಸಿದರು, ಅವರು ಬೇರೆ ಬರೆದರು. ತುರಿಕೆಗೆ ಮೊದಲು ಎರಡು ವಾರ ಒಳಗಿನ ಔಷಧಿ, ಆಮೇಲೆ ವಾರಕ್ಕೊಂದು ಕ್ಯಾಪ್ಸೂಲ್ ಆರು ತಿಂಗಳು. ಈಗ ಆರಾಮ. ಆ ಟ್ಯೂಬ್ ಹಚ್ಚುತ್ತಾ ಕೂತಿದ್ದರೆ ಶುಗರ್ ಅಷ್ಟು ಏರಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪಿಂಪ್ರಿ ಫಾರ್ಮಸಿ ಅಕ್ಕ
ಇದನ್ನು ಎಲ್ಲರೂ ಓದಬೇಕು. ಆ ಮಾತ್ರೆ ಈಗ ಅಗ್ಗವಾಗಿದೆ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು, ಬಹಳ ಜನ ತಗೊಳ್ಳುತ್ತಾರೆ. ಬಿಡುವ ಅಗತ್ಯ ಎಲ್ಲರಿಗೂ ಬೀಳುವುದಿಲ್ಲ. ತುರಿಕೆ ಬಂದರೆ ಹೇಳಬೇಕು ಅಷ್ಟೇ. ವರ್ಷಕ್ಕೆ ಮೂರು ಸಲ ಬಂದರೆ, ಎರಡು ತಿಂಗಳೊಳಗೆ ಮತ್ತೆ ಬಂದರೆ ನನ್ನಂಥವಳ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ. ಜ್ವರ, ಕೆಳಹೊಟ್ಟೆ ನೋವು, ಹುಣ್ಣು ಇದ್ದರೆ ಅವತ್ತೇ ಹೋಗಬೇಕು.

ಭಾಂಡುಪ್ ಸೊಸೆ
ಬಂದೆ. ನೀವೆಲ್ಲ ಹೇಳಿದ್ದಕ್ಕೆ ಧೈರ್ಯ ಬಂತು. ಸಾಲು ಎರಡೂವರೆ ಗಂಟೆ, ಒಳಗೆ ಐದು ನಿಮಿಷ. ಡಾಕ್ಟರು ನನ್ನ ವಯಸ್ಸಿನವರೇ. ಪರದೆ ಎಳೆದರು, ಒಬ್ಬ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು. ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಸೆರಗು ತೆಗೆದು ಒಂದು ಪಟ್ಟಿಗೆ ಹಚ್ಚಿ ಬಣ್ಣ ನೋಡಿದರು. ಇನ್ನೊಂದನ್ನು ಗಾಜಿನ ಮೇಲೆ ಹಚ್ಚಿ ಒಂದು ಹನಿ ಔಷಧಿ ಹಾಕಿ ಮೈಕ್ರೋಸ್ಕೋಪಿಗೆ ಕಳಿಸಿದರು. ಶಿಲೀಂಧ್ರವೇ ಅಂತ ಬಂತು. ನೋವಾಗಲಿಲ್ಲ, ಉರಿ ಇದ್ದದ್ದಕ್ಕೆ ಸ್ವಲ್ಪ ಚುರ್ ಅಂತು.

ಆರು ಗುಳಿಗೆ, ಆರು ರಾತ್ರಿ. ಹೊರಗೆ ಹಚ್ಚಲು ಬರೀ ಕ್ಲೋಟ್ರಿಮಜೋಲ್ 1% ಮುಲಾಮು, ಬೇರೇನೂ ಕಲಸದ್ದು. ಆ ಮೊದಲಿನ ಟ್ಯೂಬ್ ತೋರಿಸಿದಾಗ ಡಾಕ್ಟರು ಏನೂ ಹೇಳಲಿಲ್ಲ, ಒಂದು ಸಲ ಸಿಸ್ಟರ್ ಮುಖ ನೋಡಿದರು. ಕಡ್ಡಿ ಹೇಗೆ ಹಿಡಿಯುವುದು ಅಂತ ಕೇಳಲು ಮರೆತೆ.

ವಾಸ್ಕೊ ಸಿಸ್ಟರ್
ಭೇಷ್ ತಂಗಿ. ಈಗ ಕೇಳು. ರಾತ್ರಿ ಎಲ್ಲ ಕೆಲಸ ಮುಗಿದು, ಮೂತ್ರಕ್ಕೆ ಹೋಗಿ ಬಂದು, ಇನ್ನು ಏಳುವುದಿಲ್ಲ ಅಂದಾಗ ಮಾಡು. ಹಗಲು ಇಟ್ಟರೆ ಅರ್ಧ ಔಷಧಿ ಚಡ್ಡಿಗೆ. ಸೋಪು ಹಾಕಿ ಕೈ ತೊಳೆ. ಬಲಗೈಯ ಉಗುರು ಉದ್ದ ಇದ್ದರೆ ಇವತ್ತೇ ಕತ್ತರಿಸು. ಗುಳಿಗೆಯನ್ನು ಕಡ್ಡಿಯ ಬಾಯಿಗೆ ಸಿಕ್ಕಿಸು. ಅಂಗಾತ ಮಲಗಿ ಮಂಡಿ ಮಡಚು. ಮೈ ಬಿಗಿ ಹಿಡಿಯಬೇಡ, ಉಸಿರು ಬಿಡು. ಕಡ್ಡಿಯನ್ನು ಸೊಂಟದ ಕಡೆಗೆ ಓರೆಯಾಗಿ, ಆರಾಮಾಗಿ ಎಷ್ಟು ಹೋಗುತ್ತದೋ ಅಷ್ಟು ಮಾತ್ರ ಒಳಗೆ ಬಿಡು. ತಡೆದರೆ ಒತ್ತಬೇಡ. ಹಿಂದಿನ ತುದಿ ತಳ್ಳಿದರೆ ಗುಳಿಗೆ ಒಳಗೆ ಕೂರುತ್ತದೆ. ಕಡ್ಡಿ ತೆಗೆದು ಹಾಗೇ ಮಲಗು.

ಕಡ್ಡಿಯನ್ನು ಬೆಳಿಗ್ಗೆ ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ತೊಳೆದು ಒಣಗಿಸು. ಕುದಿಯುವ ನೀರು ಹಾಕಬೇಡ, ಬಾಗುತ್ತದೆ. ಒಮ್ಮೆ ಬಳಸಿ ಎಸೆಯಿರಿ ಅಂತ ಪ್ಯಾಕಿನಲ್ಲಿ ಬರೆದಿದ್ದರೆ ಹಾಗೇ ಮಾಡು. ಬೆಳಿಗ್ಗೆ ಬಿಳಿ ಪುಡಿಯ ಹಾಗೆ ಹೊರಗೆ ಬಂದರೆ ಗಾಬರಿ ಬೇಡ, ಅದು ಗುಳಿಗೆ ಕರಗಿದ್ದು. ತೆಳು ಪ್ಯಾಡ್ ಇಟ್ಟುಕೋ. ಮೊದಲ ರಾತ್ರಿ ಸ್ವಲ್ಪ ಉರಿ ಇರಬಹುದು. ಊತ ಬಂದರೆ, ಗಂಧೆ ಎದ್ದರೆ, ಉರಿ ತಡೆಯದಂತಾದರೆ ನಿಲ್ಲಿಸಿ ಡಾಕ್ಟರಿಗೆ ಹೇಳು.

ಮುಖ್ಯ ವಿಷಯ, ಮೂರನೇ ದಿನಕ್ಕೆ ಆರಾಮ ಅನಿಸುತ್ತದೆ. ಅವತ್ತು ನಿಲ್ಲಿಸಬೇಡ.

ಥಾಣೆ ಹೋಟೆಲ್ ಶೆಟ್ರು
ಇಷ್ಟು ವಿವರ ನನ್ನ ಹೆಂಡತಿಗೆ ಯಾರೂ ಹೇಳಿರಲಿಕ್ಕಿಲ್ಲ. ಇದನ್ನು ಅವಳಿಗೆ ಕಳಿಸುತ್ತೇನೆ.

ವಿರಾರ್ ಫಾಸ್ಟ್
ಮಳೆಗಾಲದಲ್ಲಿ ಒಳಬಟ್ಟೆ ಒಣಗಿಸುವುದು ಹೇಗೆ ಅಂತ ಯಾರಾದರೂ ಹೇಳಿ. ನಮ್ಮ ಚಾಳಿನಲ್ಲಿ ಅದನ್ನು ಟವೆಲ್ ಕೆಳಗೆ ಮುಚ್ಚಿಯೇ ಹಾಕಬೇಕು. ಮೂರು ದಿನವಾದರೂ ಒದ್ದೆ.

ಡೊಂಬಿವಲಿ ಅತ್ತಿಗೆ
ಇಸ್ತ್ರಿ. ಜುಲೈ ಆಗಸ್ಟ್ ಪೂರ್ತಿ ನಾನು ಇಸ್ತ್ರಿ ಹೊಡೆದೇ ಕೊಡುವುದು. ಕಾಟನ್ ತಗೊಳ್ಳಿ, ಲೆಗ್ಗಿಂಗ್ಸ್ ರಾತ್ರಿ ಬಿಚ್ಚಿಡಿ. ಆಫೀಸಿಗೆ ಹೋಗುವವರು ಪರ್ಸಿನಲ್ಲಿ ಒಂದು ಜೊತೆ ಇಟ್ಟುಕೊಳ್ಳಿ, ನೆನೆದರೆ ಬದಲಿಸಲು. ಮತ್ತೆ ಆ ಪರಿಮಳದ ವಾಶ್‌ಗಳು ಬೇಡ. ಹೊರಗಿನಿಂದ ಸಾದಾ ನೀರು ಸಾಕು.

ಭಾಂಡುಪ್ ಸೊಸೆ
ಇವತ್ತು ನಾಲ್ಕನೇ ರಾತ್ರಿ. ತುರಿಕೆ ಮುಕ್ಕಾಲು ಹೋಗಿದೆ, ನಿನ್ನೆ ಪೂರ್ತಿ ನಿದ್ದೆ. ಆದರೆ ಸಂಜೆ ಮುಟ್ಟಾಯಿತು. ಗುಳಿಗೆ ನಿಲ್ಲಿಸಲಾ?

ಪಿಂಪ್ರಿ ಫಾರ್ಮಸಿ ಅಕ್ಕ
ಆಸ್ಪತ್ರೆಯ ಪೇಪರಿನಲ್ಲಿ ನಂಬರ್ ಇದ್ದರೆ ಒಂದು ಮಾತು ಕೇಳು. ಸಾಮಾನ್ಯವಾಗಿ ಮುಟ್ಟಿನಲ್ಲಿ ಹೊಸದಾಗಿ ಶುರು ಮಾಡುವುದಿಲ್ಲ, ಔಷಧಿ ಹರಿದು ಹೋಗುತ್ತದೆ ಅಂತ. ಮಧ್ಯದಲ್ಲಿ ಮುಟ್ಟಾದರೆ ಮುಂದುವರಿಸಿ ಅಂತಲೇ ಹೇಳುತ್ತಾರೆ. ಪ್ಯಾಡ್ ಬಳಸು. ಟ್ಯಾಂಪನ್ ಬೇಡ, ಔಷಧಿಯನ್ನು ಅದೇ ಕುಡಿದುಬಿಡುತ್ತದೆ. ಮುಟ್ಟಿನ ಕಪ್ ಕೂಡ ಈ ವಾರ ಬೇಡ.

ಭಾಂಡುಪ್ ಸೊಸೆ
ಕೇಳಿದೆ, ಮುಂದುವರಿಸಿ ಅಂದರು. ಎರಡೇ ಉಳಿದಿವೆ. ಅತ್ತೆಗೂ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆಚೆ ಈಚೆ ನೋಡಿ, 'ನನಗೂ ಎರಡು ವರ್ಷದಿಂದ ಉಂಟು' ಅಂದರು. ಸೋಮವಾರ ಅವರನ್ನೂ ಕರೆದುಕೊಂಡು ಹೋಗುತ್ತೇನೆ.

ಆ ಹಳೆಯ ಟ್ಯೂಬ್ ಏನು ಮಾಡಲಿ? 90 ರೂಪಾಯಿ ಕೊಟ್ಟಿದ್ದೆ.

ಪಿಂಪ್ರಿ ಫಾರ್ಮಸಿ ಅಕ್ಕ
ಪೂರ್ತಿ ಹಿಂಡಿ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕು. ಹಾಗೇ ಎಸೆದರೆ ಯಾರೋ ಎತ್ತಿಕೊಳ್ಳುತ್ತಾರೆ. ಕಪಾಟಿನಲ್ಲಿ ಇಟ್ಟರೆ ನಿಮ್ಮ ಮಾವ ಕಾಲಿನ ಗಜಕರ್ಣಕ್ಕೆ ಹಚ್ಚುತ್ತಾರೆ. ಸೋಮವಾರ ಅತ್ತೆಯ ಶುಗರೂ ನೋಡಿಸು.